ಮನೆ ಕಟ್ಟಿದ್ದಾಯಿತು, ಮನೆಗೆ ವಿಮೆ ಮಾಡಿಸಿದ್ದೀರಾ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಕಂಪಲಾಪುರದಲ್ಲಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಕಾರ್ಯಕ್ರಮದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದು ನಮ್ಮೆಲ್ಲರಿಗೂ ಸಂತೋಷದ ವಿಷಯ. ಈ ಸಂದರ್ಭದಲ್ಲಿ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಮನೆಗೇ ಬಂದು ಕರೆದರು. "ಮೇಷ್ಟ್ರೇ, ಹೊಗಳಿಕೆ ಮಾತು ಬೇರೆಯವರು ಆಡ್ತಾರೆ. ನೀವು ನಾಲ್ಕು ಜನಕ್ಕೆ ಉಪಯೋಗ ಆಗೋದು ಏನಾದ್ರೂ ಹೇಳಿ" ಅಂದರು. ಹಾಗಾಗಿ ನಾನು ಇವತ್ತು ನನ್ನ ಜಾಣತನದ ಕತೆ ಹೇಳುವುದಿಲ್ಲ, ದಡ್ಡತನದ ಕತೆ ಹೇಳುತ್ತೇನೆ. ಮೊದಲೇ ಒಂದು ಮಾತು. ನಾನು ಯಾವ ವಿಮಾ ಕಂಪನಿಯ ಏಜೆಂಟನೂ ಅಲ್ಲ. ಈ ಭಾಷಣ ಮುಗಿದ ಮೇಲೆ ಯಾರ ಹತ್ತಿರವೂ ಫಾರಂ ತುಂಬಿಸಿಕೊಳ್ಳುವುದಿಲ್ಲ. ಧೈರ್ಯವಾಗಿ ಕುಳಿತು ಕೇಳಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಕಟ್ಟಿದ ಮೇಲೆ ಕಾಪಾಡಿ ನೋಡು ಅನ್ನುವುದನ್ನು ನಾವು ಸೇರಿಸಿಕೊಳ್ಳಬೇಕು. ನನ್ನ ವಿಷಯವನ್ನೇ ತೆಗೆದುಕೊಳ್ಳಿ. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, 2014ರಲ್ಲಿ ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಕಡೆಯ ತಗ್ಗಿನಲ್ಲಿ ಒಂದು ಸಣ್ಣ ತಾರಸಿ ಮನೆ ಕೊಂಡೆ. ನಮ್ಮ ವಂಶದಲ್ಲಿ ಸಾಲ ಮಾಡಿ ಮನೆ ಕೊಂಡವರಲ್ಲಿ ನಾನೇ ಮೊದಲಿಗ. ಹನ್ನೆರಡು ಲಕ್ಷ ಸಾಲ. ಸಾಲ ಕೊಟ್ಟವರು ನನ್ನ ಕೈಯಲ್ಲಿ ಮೂವತ್ತು ನಲವತ್ತು ಕಡೆ ರುಜು ಹಾಕಿಸಿಕೊಂಡರು. ಹಣ ಖಾತೆಗೆ ಬಂದಾಗ ಮೂವತ್ತು ಸಾವಿರ ಚಿಲ್ಲರೆ ಮುರಿದುಕೊಂಡಿದ್ದರು. ಏನಪ್ಪಾ ಇದು ಅಂದೆ. "ಇನ್ಶೂರೆನ್ಸ್ ಸಾರ್" ಅಂದರು. ಒಳ್ಳೆಯದೇ ಆಯಿತು, ಮನೆಗೆ ವಿಮೆ ಆಯಿತಲ್ಲ ಎಂದು ಆ ಕಾಗದವನ್ನು ಕ್ರಯಪತ್ರದ ಜೊತೆ ಮಡಿಸಿ ಬೀರುವಿನಲ್ಲಿಟ್ಟೆ. ಐದು ವರ್ಷ ಅದನ್ನು ಬಿಚ್ಚಿ ಓದಲಿಲ್ಲ. ಮಕ್ಕಳಿಗೆ "ಪ್ರಶ್ನೆಯನ್ನು ಎರಡು ಸಲ ಓದಿ ಲೆಕ್ಕ ಮಾಡಿ" ಅಂತ ಬೆತ್ತ ಹಿಡಿದು ಹೇಳಿದ ಗಣಿತ ಮೇಷ್ಟ್ರು ನಾನು!

2019ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿರಬೇಕು. ಕೊಡಗಿನಲ್ಲಿ ಎಡೆಬಿಡದೆ ಮಳೆ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥ ಮೂರೂ ತುಂಬಿ ಬಂದವು. ಅದರ ಹಿಂದಿನ ವರ್ಷ, 2018ರಲ್ಲಿ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಜಾರಿ ಮನೆಗಳು ಹೋದದ್ದನ್ನು ಟಿ.ವಿ.ಯಲ್ಲಿ ನೋಡಿ ಅಯ್ಯೋ ಪಾಪ ಅಂದಿದ್ದೆವು. ಈ ಸಲ ನೀರು ನಮ್ಮ ಹೊಸಿಲಿಗೇ ಬಂತು. ರಾತ್ರಿ ಎದ್ದು ನೋಡಿದರೆ ಮೊಣಕಾಲುದ್ದ ಕೆಸರು ನೀರು. ಮೂರನೆಯ ದಿನ ನೀರಿಳಿದಾಗ ಹಿತ್ತಲ ಕಾಂಪೌಂಡ್ ಮಲಗಿತ್ತು. ಹಿಂದಿನ ಕೋಣೆಯ ಗೋಡೆ ಬಾಯಿ ಬಿಟ್ಟಿತ್ತು. ಫ್ರಿಜ್ಜು, ಮಂಚ, ಅಕ್ಕಿ ಮೂಟೆ, ಮೋಟಾರು ಎಲ್ಲ ಕೆಸರಿನ ಪಾಲಾಗಿತ್ತು.

ಬೀರುವಿನ ಮೇಲಿನ ಖಾನೆಯಲ್ಲಿದ್ದುದರಿಂದ ಆ ವಿಮೆ ಕಾಗದ ಮಾತ್ರ ಒಣಗಿತ್ತು. ಹಿಡಿದುಕೊಂಡು ಓಡಿದೆ. ಅಲ್ಲಿದ್ದ ಹುಡುಗ ಓದಿ ನೋಡಿ, "ಸಾರ್, ಇದು ಮನೆ ಮೇಲಿನ ವಿಮೆ ಅಲ್ಲ, ನಿಮ್ಮ ಪ್ರಾಣದ ಮೇಲಿನದು. ನೀವು ತೀರಿಕೊಂಡರೆ ಸಾಲ ತೀರುತ್ತೆ" ಅಂದ. "ನಾನು ಇದ್ದೀನಲ್ಲಪ್ಪ, ಹೋಗಿರೋದು ಮನೆ!" ಅಂದೆ. ಅವನಾದರೂ ಏನು ಮಾಡಿಯಾನು? ರುಜು ನನ್ನದೇ ಇತ್ತು.

ಸರ್ಕಾರದವರು ತುರ್ತು ಪರಿಹಾರ ಕೊಟ್ಟರು, ಆಮೇಲೆ ಗೋಡೆಗೂ ಸ್ವಲ್ಪ ಬಂತು. ಅದನ್ನು ನೆನೆಯುತ್ತೇನೆ. ಆದರೆ ಮನೆ ಮತ್ತೆ ಮನೆಯಾಗಲು ನನಗೆ ಮೂರೂವರೆ ಲಕ್ಷ ಹಿಡಿಯಿತು. ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿ ಮುರಿದೆ. ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು. ನಮ್ಮ ಮನೆಯವರು ಒಂದೇ ಮಾತು ಅಂದರು: "ಊರ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಟ್ರಿ, ನಮ್ಮ ಮನೆ ಲೆಕ್ಕ ಮಾತ್ರ ನೋಡಲಿಲ್ಲ." ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಆಮೇಲೆ ಹಟ ಹಿಡಿದು ಈ ವಿಷಯ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿಮೆ ಅನ್ನುವುದು ನಮಗೆ ಹೊಸದೇನಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ತಂದೆಯ ಹುಲ್ಲಿನ ಮನೆಗೆ ಒಂದು ಬೇಸಿಗೆಯಲ್ಲಿ ಬೆಂಕಿ ಬಿತ್ತು. ಒಬ್ಬರು ಬಿದಿರು ತಂದರು, ಒಬ್ಬರು ಹುಲ್ಲು ಹೊತ್ತರು, ಮಿಕ್ಕವರು ಮುಯ್ಯಾಳು ಬಂದರು. ವಾರದಲ್ಲಿ ಮನೆ ನಿಂತಿತು. ನಾಳೆ ಇನ್ನೊಬ್ಬರ ಮನೆಗೆ ಬಿದ್ದರೆ ನಮ್ಮ ತಂದೆ ಹೋಗುತ್ತಿದ್ದರು. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಕೆಟ್ಟವನೊಬ್ಬನನ್ನು ಎತ್ತಿ ನಿಲ್ಲಿಸುವುದು. ಸಹಕಾರ ಅಂದರೂ ಇದೇ, ವಿಮೆ ಅಂದರೂ ಇದೇ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದದ್ದೂ ಇದೇ ತತ್ವ.

ಆದರೆ ಹುಲ್ಲಿನ ಮನೆ ಹೋಗಿ ನಾಡಹೆಂಚಿನ ಮನೆ ಬಂತು, ಅದೂ ಹೋಗಿ ಈಗ ಸಿಮೆಂಟು, ಕಬ್ಬಿಣ, ಟೈಲ್ಸ್ ಹಾಕಿದ ತಾರಸಿ ಮನೆ. ಇಪ್ಪತ್ತು ಲಕ್ಷದ ಮನೆಯನ್ನು ಮುಯ್ಯಾಳಿನಿಂದ ಎತ್ತಲು ಆಗುವುದಿಲ್ಲ. ನೆರೆಯವರು ಅನ್ನ ಕೊಡಬಹುದು, ಕೆಸರು ಬಾಚಬಹುದು, ಕಬ್ಬಿಣ ಕೊಡಿಸಲಾರರು. ಊರು ಮಾಡುತ್ತಿದ್ದ ಕೆಲಸವನ್ನು ಇಡೀ ದೇಶದ ಜನ ಸೇರಿ ಮಾಡಬೇಕು. ಅದೇ ಮನೆ ವಿಮೆ.

ನಮ್ಮದು ಗಟ್ಟಿ ಮನೆ, ಏನಾಗುತ್ತೆ ಅನ್ನುವವರಿಗೆ ಒಂದು ಮಾತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆಯೇ ಸುಟ್ಟುಹೋಯಿತು. ಈಗ ನಾವು ದಸರೆಗೆ ಹೋಗಿ ನೋಡುವ ಅರಮನೆ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ 1912ರಲ್ಲಿ ಮುಗಿದದ್ದು. ಅರಸರ ಮನೆ ಮತ್ತೆ ಏಳಲು ಹದಿನೈದು ವರ್ಷ ಬೇಕಾಯಿತು. ಅವರ ಹಿಂದೆ ಸಂಸ್ಥಾನದ ಖಜಾನೆ ಇತ್ತು. ನಮ್ಮ ಹಿಂದೆ ಏನಿದೆ?

ಸರ್ಕಾರ ಇದೆಯಲ್ಲ ಅನ್ನಬಹುದು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಐದು ಲಕ್ಷ ಘೋಷಿಸಿದ್ದು ನಿಜ. ಆದರೆ ಅದು ಆ ವರ್ಷದ ದೊಡ್ಡ ನೆರೆಗೆ ಮಾಡಿದ ವಿಶೇಷ ತೀರ್ಮಾನ. ವಿಪತ್ತು ಪರಿಹಾರ ನಿಧಿಗೆ 2022ರಿಂದ 2026ರ ಅವಧಿಗೆ ಕೇಂದ್ರ ಹಾಕಿದ ಮಾನದಂಡದಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಅದು ಕಷ್ಟಕ್ಕೆ ಊರುಗೋಲು, ಮನೆಗೆ ತಳಪಾಯವಲ್ಲ. ಇನ್ನೊಂದು ಮಾತು. ಊರಿಗೆಲ್ಲ ನೆರೆ ಬಂದರೆ ಮಂತ್ರಿಗಳೂ ಬರುತ್ತಾರೆ. ನಿಮ್ಮೊಬ್ಬರ ಮನೆಗೆ ವೈರಿನಿಂದ ಕಿಡಿ ಬಿದ್ದರೆ ಯಾರು ಬರುತ್ತಾರೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆ ವಿಮೆಗೆ ಮೊದಲು ಒಬ್ಬೊಬ್ಬರದು ಒಂದೊಂದು ತರಹ ಇತ್ತು. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದವರು 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ತಂದಿದ್ದಾರೆ. ಬೆಂಕಿ ವಿಮೆ ಮಾಡುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಇದನ್ನು ಕೊಡಬೇಕು. ನೀವು ಹೋಗಿ ಈ ಹೆಸರು ಹೇಳಿ ಕೇಳಿ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಮರ ಅಥವಾ ವಾಹನ ಬಂದು ಬಡಿಯುವುದು, ಗಲಭೆಯಲ್ಲಿ ಆಗುವ ಹಾನಿ, ನೀರಿನ ಟ್ಯಾಂಕು ಪೈಪು ಒಡೆದು ಆಗುವ ಹಾನಿ ಇವೆಲ್ಲ ಇದರೊಳಗೆ ಬರುತ್ತವೆ. ಒಂದು ವರ್ಷಕ್ಕೂ ಮಾಡಿಸಬಹುದು, ಹತ್ತು ವರ್ಷದವರೆಗೆ ಒಟ್ಟಿಗೂ ಮಾಡಿಸಬಹುದು. ಮೈಸೂರಿನಲ್ಲಿ ಫ್ಲಾಟು ಕೊಂಡಿರುವ ನಿಮ್ಮ ಮಕ್ಕಳಿಗೂ ಇದೇ ಪಾಲಿಸಿ ಆಗುತ್ತದೆ.

ಎಷ್ಟಕ್ಕೆ ಮಾಡಿಸಬೇಕು? ಇಲ್ಲೇ ಹೊಸಬರು ತಪ್ಪುವುದು. ಸೈಟಿನ ಬೆಲೆ ಸೇರಿಸಬಾರದು. ನೆಲ ಸುಡುವುದಿಲ್ಲ. ಅದೇ ಮನೆಯನ್ನು ಇವತ್ತು ಮತ್ತೆ ಕಟ್ಟಲು ಏನು ಖರ್ಚೋ ಅದೇ ವಿಮೆಯ ಮೊತ್ತ. ಮನೆ ಒಳಗಿನ ಅಳತೆಯನ್ನು ಕಟ್ಟುವ ದರದಿಂದ ಗುಣಿಸಿ. ಹತ್ತು ಚದರದ ಮನೆ, ಅಂದರೆ ಸಾವಿರ ಚದರಡಿ. ಚದರಡಿಗೆ ಎರಡು ಸಾವಿರ ಎಂದು ಲೆಕ್ಕಕ್ಕೆ ಹಿಡಿಯೋಣ. ಇಪ್ಪತ್ತು ಲಕ್ಷ ಆಯಿತು. ನೀವು ಸೈಟು ಸೇರಿ ಮೂವತ್ತೆರಡಕ್ಕೆ ಕೊಂಡಿದ್ದರೂ ವಿಮೆ ಇಪ್ಪತ್ತಕ್ಕೇ. ಸಾಲ ಎಂಟು ಲಕ್ಷ ಉಳಿದಿದೆ, ಎಂಟಕ್ಕೆ ಸಾಕು ಅನ್ನುವುದೂ ತಪ್ಪು. ಆಗ ಸಾಲ ಕೊಟ್ಟವರು ಉಳಿಯುತ್ತಾರೆ, ನೀವು ಉಳಿಯುವುದಿಲ್ಲ. ಅಳತೆ ಕಡಿಮೆ ಬರೆಸಿ ಪ್ರೀಮಿಯಂ ಉಳಿಸುತ್ತೇನೆ ಅನ್ನಬೇಡಿ. ಬರೆಸಿದ ಅಳತೆಗಷ್ಟೇ ಹಣ ಬರುತ್ತದೆ.

ಮನೆಯ ಸಾಮಾನಿಗೆ ಬೇರೆ ಪಟ್ಟಿ ಕೊಡದಿದ್ದರೂ ಕಟ್ಟಡದ ಮೊತ್ತದ ಶೇಕಡ 20ರಷ್ಟು, ಹತ್ತು ಲಕ್ಷ ಮೀರದಂತೆ, ತಾನಾಗಿಯೇ ಸೇರುತ್ತದೆ. ಇಪ್ಪತ್ತು ಲಕ್ಷದ ಮನೆಗೆ ನಾಲ್ಕು ಲಕ್ಷದ ಸಾಮಾನು. ಸಿಮೆಂಟಿನ ಬೆಲೆ ಏರುತ್ತದಲ್ಲ ಅನ್ನುತ್ತೀರಾ? ಹಲವು ವರ್ಷದ ಪಾಲಿಸಿಯಲ್ಲಿ ಮೊತ್ತವೂ ವರ್ಷಕ್ಕೆ ಶೇಕಡ 10ರಂತೆ ಏರುತ್ತದೆ. ಪ್ರೀಮಿಯಂ ಎಷ್ಟು ಎಂಬುದು ಊರು, ಕಟ್ಟಡ, ಕಂಪನಿ ನೋಡಿಕೊಂಡು ಬದಲಾಗುತ್ತದೆ. ತಾರಸಿ ಮನೆಗೆ ಲಕ್ಷ ರೂಪಾಯಿ ರಕ್ಷಣೆಗೆ ಸಾಮಾನ್ಯವಾಗಿ ವರ್ಷಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ. ನಾವು ಹಸುವಿಗೆ ಓಲೆ ಹೊಡೆಸಿ ವಿಮೆ ಮಾಡಿಸುತ್ತೇವೆ, ಬೈಕಿಗೆ ಪೊಲೀಸರ ಭಯಕ್ಕೆ ಮಾಡಿಸುತ್ತೇವೆ. ಹಸು ಕಟ್ಟುವ, ಬೈಕು ನಿಲ್ಲಿಸುವ ಮನೆಗೆ ಮಾತ್ರ ಇಲ್ಲ!

ಇನ್ನು ಯಾವುದು ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬರುವುದನ್ನು ಏಜೆಂಟರು ಹೇಳುತ್ತಾರೆ, ಬಾರದ್ದನ್ನು ನಾವೇ ಕೇಳಬೇಕು. ಗೆದ್ದಲು ತಿಂದದ್ದು, ಹಳತಾಗಿ ಸೋರುವುದು, ಹೊಸ ಮನೆ ಕೂರುವಾಗ ಬೀಳುವ ಬಿರುಕು, ಕಳಪೆ ಕೆಲಸದಿಂದ ಕುಸಿದದ್ದು ಬರುವುದಿಲ್ಲ. ನಗದು ಬರುವುದಿಲ್ಲ. ಒಡವೆಗೆ ಬೇರೆಯಾಗಿ ಹೇಳಿ ಸೇರಿಸಬೇಕು. ವೈರು ಸುಟ್ಟು ಮನೆಗೆ ಬೆಂಕಿ ಹತ್ತಿದರೆ ಮನೆಗೆ ಹಣ ಉಂಟು, ಮೊದಲು ಸುಟ್ಟ ಆ ಮೋಟಾರಿಗೋ ಟಿ.ವಿ.ಗೋ ಇಲ್ಲ. ಬೆಂಕಿ, ನೆರೆಯಂಥ ಅನಾಹುತ ಆದ ಏಳು ದಿನದೊಳಗೆ ಆದ ಕಳ್ಳತನಕ್ಕೆ ಮಾತ್ರ ಹಣ ಬರುತ್ತದೆ. ಬರಿಯ ಕಳ್ಳತನಕ್ಕೆ ಬೇರೆ ವಿಮೆ ಬೇಕು.

ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಹೊಗೆಸೊಪ್ಪಿನ ಬ್ಯಾರನ್ನು. ಪಿರಿಯಾಪಟ್ಟಣ, ಹುಣಸೂರು, ಕೋಟೆ ತಾಲ್ಲೂಕಿನಲ್ಲಿ ಎಷ್ಟೋ ಜನಕ್ಕೆ ಬ್ಯಾರನ್ನು ಮನೆಗೆ ಅಂಟಿಕೊಂಡೇ ಇದೆ. ಕಾದ ಕೊಳವೆಯ ಮೇಲೆ ಒಂದು ಎಲೆ ಉದುರಿದರೆ ಸಾಕು, ಆಗುವ ಅನಾಹುತ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆ ವಿಮೆ ವಾಸದ ಮನೆಗೆ ಮಾತ್ರ. ಬ್ಯಾರನ್ನು ಕಸುಬಿನ ಕಟ್ಟಡ, ಅದಕ್ಕೆ ಬೇರೆ ಪಾಲಿಸಿ ಬೇಕು. ಹರಾಜಿಗೆ ಮೊದಲು ನಡುಮನೆಯಲ್ಲಿ ಜೋಡಿಸಿಡುವ ಬೇಲುಗಳು ಮನೆ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ, ಅವು ವ್ಯಾಪಾರದ ಸರಕು. ಅರ್ಜಿಯಲ್ಲಿ ಪಕ್ಕದಲ್ಲಿ ಬ್ಯಾರನ್ನಿದೆ ಎಂಬುದನ್ನು ಮುಚ್ಚಿಡಬೇಡಿ. ಹುಲ್ಲಿನ ಚಾವಣಿಯೋ, ಹೆಂಚೋ, ತಾರಸಿಯೋ ಇದ್ದದ್ದು ಇದ್ದ ಹಾಗೆ ಬರೆಸಿ. ಪ್ರೀಮಿಯಂ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಸುಳ್ಳು ಬರೆದು ಕಟ್ಟಿದ ಹಣ ನೀರಿಗೆ ಹಾಕಿದ ಹಾಗೆ.

ನಾಗರಹೊಳೆ ಅಂಚಿನವರು, ಆನೆ ಬಂದು ಗೋಡೆ ಕೆಡವಿದರೆ ಏನು ಅಂತ ಕೇಳುತ್ತಾರೆ. ಹೊರಗಿನಿಂದ ಬಡಿದು ಆಗುವ ಹಾನಿ ಎಂಬ ಅಂಶ ಪಾಲಿಸಿಯಲ್ಲಿದೆ. ಆನೆ ಅದರೊಳಗೆ ಬರುತ್ತದೆಯೇ ಎಂದು ಕಂಪನಿಯವರಿಂದ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಅರಣ್ಯ ಇಲಾಖೆಗೂ ಅರ್ಜಿ ಕೊಡುವುದನ್ನು ಮರೆಯಬೇಡಿ. ಗ್ಯಾಸ್ ಸಿಲಿಂಡರಿನ ಅಪಘಾತಕ್ಕೆ ತೈಲ ಕಂಪನಿಗಳೇ ಮಾಡಿಸಿರುವ ವಿಮೆ ಉಂಟು. ಮನೆಯ ಹಾನಿಗೆ ಎರಡು ಲಕ್ಷದವರೆಗೆ ಬರುತ್ತದೆ. ಅದಕ್ಕೆ ಸಂಪರ್ಕ ನಿಮ್ಮ ಹೆಸರಿನಲ್ಲಿರಬೇಕು, ವಿತರಕರಿಗೆ ತಕ್ಷಣ ತಿಳಿಸಬೇಕು.

ಮನೆಯ ಕಾಗದ ಸರಿಯಿಲ್ಲದಿದ್ದರೆ ಯಾವ ವಿಮೆಯೂ ಕೈಹಿಡಿಯುವುದಿಲ್ಲ. ತೀರಿಹೋದ ಅಜ್ಜನ ಹೆಸರಿನಲ್ಲಿ ಖಾತೆ, ಹಿರಿಯಣ್ಣನ ಹೆಸರಿನಲ್ಲಿ ಕಂದಾಯ, ಮನೆ ಕಟ್ಟಿಕೊಂಡು ಇರುವವನು ಕಿರಿಯ. ಇಂಥ ಮನೆಗಳು ನಮ್ಮಲ್ಲಿ ಬೀದಿಗೆ ನಾಲ್ಕಿವೆ. ನಾಳೆ ಹಣ ಬಂದರೆ ಯಾರಿಗೆ? ಪೌತಿ ಖಾತೆ ಮಾಡಿಸಿ, ಪಂಚಾಯ್ತಿಯಲ್ಲಿ ಇ-ಸ್ವತ್ತು ಮಾಡಿಸಿ, ಆಮೇಲೆ ಅದೇ ಹೆಸರಿನಲ್ಲಿ ವಿಮೆ ಮಾಡಿಸಿ. ಕೊಂಡ ಮನೆಯಾದರೆ ಮಾರಿದವರ ವಿಮೆ ಮನೆಯ ಜೊತೆ ನಿಮಗೆ ಬಂತು ಎಂದು ತಿಳಿಯಬೇಡಿ. ಕ್ರಯ ಆದ ದಿನವೇ ನಿಮ್ಮ ಹೆಸರಿನಲ್ಲಿ ಹೊಸದು ಮಾಡಿಸಿ.

ಸಾಲ ತೆಗೆಯುವವರು ಎರಡು ವಿಮೆಯ ವ್ಯತ್ಯಾಸ ತಿಳಿಯಬೇಕು. ನನ್ನದು ತಪ್ಪಿದ್ದು ಅಲ್ಲೇ. ಒಂದು ಸಾಲಗಾರನ ಪ್ರಾಣದ ಮೇಲೆ. ಅದು ಕೆಟ್ಟದ್ದಲ್ಲ, ಯಜಮಾನ ಹೋದರೆ ಹೆಂಡತಿ ಮಕ್ಕಳ ತಲೆಯ ಮೇಲೆ ಸಾಲ ಉಳಿಯದು. ಇನ್ನೊಂದು ಕಟ್ಟಡದ ಮೇಲೆ. "ಯಾವುದಕ್ಕೆ ಹಣ ಮುರಿದಿದ್ದೀರಿ? ಪಾಲಿಸಿಯಲ್ಲಿ ಮನೆಯ ವಿಳಾಸ, ಅಳತೆ ಇದೆಯಾ?" ಈ ಎರಡು ಪ್ರಶ್ನೆ ಕೇಳಿ. ಇಂಥದೇ ಕಂಪನಿಯದಾಗಬೇಕು ಎಂದು ಸಾಲ ಕೊಡುವವರು ಬಲವಂತ ಮಾಡುವ ಹಾಗಿಲ್ಲ. ನಾಲ್ಕು ಕಡೆ ವಿಚಾರಿಸಿ ನಿಮಗೆ ಬೇಕಾದ ಕಡೆ ಮಾಡಿಸಬಹುದು. ಸಾಲ ತೀರುವ ತನಕ ವಿಮೆಯ ಹಣದಲ್ಲಿ ಅವರ ಬಾಕಿಗೆ ಮೊದಲ ಹಕ್ಕು ಇರುತ್ತದೆ ಎಂಬುದೂ ಗೊತ್ತಿರಲಿ.

ಅನಾಹುತ ಆದರೆ ಏನು ಮಾಡಬೇಕು? ಮೊದಲು ಜನ, ದನ ಕಾಪಾಡಿ. ಅದೇ ದಿನ ಕಂಪನಿಗೆ ಫೋನು ಮಾಡಿ ದೂರಿನ ನಂಬರು ಬರೆದುಕೊಳ್ಳಿ. ಬೆಂಕಿಯಾದರೆ ಅಗ್ನಿಶಾಮಕ ದಳಕ್ಕೂ ಪೊಲೀಸ್ ಠಾಣೆಗೂ ತಿಳಿಸಿ. ಕೆಸರು ಬಾಚುವ ಮೊದಲು ಮಕ್ಕಳ ಮೊಬೈಲಿನಲ್ಲಿ ಎಲ್ಲಾ ಕಡೆಯಿಂದ ಫೋಟೊ ತೆಗೆಸಿ. ಕೆಟ್ಟ ಸಾಮಾನನ್ನು ಸರ್ವೇಯರು ಬಂದು ನೋಡುವ ತನಕ ಗುಜರಿಗೆ ಹಾಕಬೇಡಿ. ಕಾಗದ ಪತ್ರದ ಒಂದು ಪ್ರತಿ ಮನೆಯ ಹೊರಗೆ, ನಂಬಿಕೆಯವರಲ್ಲಿ ಇರಲಿ. ಮನೆಯೇ ಸುಟ್ಟರೆ ಬೀರು ಉಳಿಯುತ್ತದೆಯೇ?

ಕಂಪನಿಯವರು ನ್ಯಾಯ ಮಾಡಲಿಲ್ಲ ಅನ್ನಿಸಿದರೆ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ಬರೆಯಿರಿ. ಐವತ್ತು ಲಕ್ಷದವರೆಗಿನ ತಕರಾರು ಅವರು ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಡ.

ಕೊನೆಗೆ ಸಂಘಕ್ಕೆ ಒಂದು ಸಲಹೆ. ಯಶಸ್ವಿನಿ ಯೋಜನೆ 2003ರಲ್ಲಿ ಬಂದಾಗ, ಅದು ಸಹಕಾರ ಸಂಘಗಳ ಮೂಲಕ ಬಂದದ್ದರಿಂದಲೇ ಹಳ್ಳಿಯವರು ಆಸ್ಪತ್ರೆ ವಿಮೆ ಎಂದರೇನು ಎಂದು ಕಲಿತರು. ಮನೆಯ ವಿಷಯದಲ್ಲೂ ಸಂಘ ಇಷ್ಟು ಮಾಡಲಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಂದು ಭಾನುವಾರ, ಇದೇ ಕಟ್ಟಡದ ಜಗಲಿಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಸಲಿ. ಸದಸ್ಯರು ಬೀರುವಿನಲ್ಲಿ ಮಡಿಸಿಟ್ಟ ಕಾಗದಗಳನ್ನು ತರಲಿ. ಓದಲು ಬಂದವರು ಓದದವರಿಗೆ ಓದಿ ಹೇಳಲಿ: ಇದು ಪ್ರಾಣದ್ದು, ಇದು ಮನೆಯದ್ದು, ಇದರ ಅವಧಿ ಮುಗಿದಿದೆ, ಇದರಲ್ಲಿ ಹೆಸರು ತಪ್ಪಿದೆ. ಯಾವ ಕಂಪನಿಯನ್ನೂ ಆ ದಿನ ಕರೆಯುವುದು ಬೇಡ. ನಾನು ಬದುಕಿರುವ ತನಕ ಆ ಮೇಜಿನ ಹತ್ತಿರ ಒಂದು ಕುರ್ಚಿ ನನಗಿರಲಿ. ಕನ್ನಡಕ ನಾನೇ ತರುತ್ತೇನೆ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನನ್ನ ಪಾಲಿಗೆ ನಿಜವಾಯಿತು. ನಿಮಗೆ ಹಾಗಾಗುವುದು ಬೇಡ. ಇವತ್ತು ಸಂಜೆ ಮನೆಗೆ ಹೋದ ತಕ್ಷಣ ಆ ಕಾಗದ ತೆಗೆಯಿರಿ, ದೀಪದ ಕೆಳಗೆ ಹಿಡಿದು ಎರಡು ಸಲ ಓದಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅರ್ಥವಾಗದಿದ್ದರೆ ಕೇಳಲು ನಾಚಿಕೆ ಪಡಬೇಡಿ. ಕೇಳದೆ ಕೆಟ್ಟ ಮೇಷ್ಟ್ರೊಬ್ಬ ನಿಮ್ಮ ಮುಂದೆಯೇ ನಿಂತಿದ್ದಾನೆ.

ಸಂಘ ಇನ್ನೂ ಇಪ್ಪತ್ತೈದು ವರ್ಷ ಬೆಳೆದು ಸುವರ್ಣ ಮಹೋತ್ಸವ ಕಾಣಲಿ, ಪ್ರತಿಯೊಬ್ಬ ಸದಸ್ಯನ ಮನೆಯ ಸೂರೂ ಗಟ್ಟಿಯಾಗಿರಲಿ ಎಂದು ಹಾರೈಸುತ್ತೇನೆ.